ತಿಳಿಯಾದ ನೀರೆಲ್ಲ ಸಿದ್ಧವಾದ ನೀರಲ್ಲ

ಕಳೆದ ತಿಂಗಳು ಕುಂಬಾರಕೊಪ್ಪಲಿನ ಪರಿಚಿತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆ. ಪಡಸಾಲೆಯಲ್ಲಿ ಹೊಸದೊಂದು ಗಾಜಿನ ತೊಟ್ಟಿಯಿತ್ತು, ಕಡಲಮೀನುಗಳಿಗಾಗಿ ಮಾಡಿಸಿದ್ದು. ಮೈಸೂರಿನಿಂದ ಮಂಗಳೂರಿನ ಕಡಲು ಸುಮಾರು 250 ಕಿಲೋಮೀಟರ್ ದೂರ. ಆದುದರಿಂದ ಅಂಗಡಿಯ ಕಡಲುಪ್ಪಿನ ಮಿಶ್ರಣ ತಂದು ಉಪ್ಪುನೀರನ್ನು ಮನೆಯಲ್ಲಿಯೇ ಮಾಡಿಕೊಂಡಿದ್ದರು. ಆದರೆ ನೀರು ಹಾಲು ಬೆರೆಸಿದಂತೆ ಬಿಳಿಚಿತ್ತು. ತಂದ ಎರಡು ಮೀನುಗಳೂ ಸತ್ತಿದ್ದವು. ಯಜಮಾನರು ಮೂರು ಬಾರಿ ನೀರನ್ನೆಲ್ಲ ಚೆಲ್ಲಿ, ಮರಳನ್ನು ನಲ್ಲಿಯ ನೀರಿನಲ್ಲಿ ತೊಳೆದು ಮತ್ತೆ ತುಂಬಿದ್ದರು. ಮೊಮ್ಮಗನು ನನ್ನ ಬಳಿ ಬಂದು, "ತಾತ, ನಾನು ಊಟ ಕಡಿಮೆ ಹಾಕಿದ್ದಕ್ಕೆ ಸತ್ತವಾ?" ಎಂದು ಕೇಳಿದನು. ಉತ್ತರ ತಿಳಿಯದೆ, ಮೀನು ಸಾಕಿ ಬಲ್ಲ ಮಿತ್ರರನ್ನು ವಿಚಾರಿಸಿದೆ.

ನೀರು ಕದಡಲು ಕಾರಣ ಒಂದೇ ಅಲ್ಲ. ಒಂದು ಲೋಟ ನೀರನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟು ನೋಡಬೇಕು. ಬೆಳಗ್ಗೆ ತಳದಲ್ಲಿ ಬಗ್ಗಡ ಕುಳಿತಿದ್ದರೆ ಅದು ಮರಳಿನ ಧೂಳು ಅಥವಾ ಸರಿಯಾಗಿ ಕರಗದ ಉಪ್ಪಿನ ಅಂಶ. ಲೀಟರಿಗೆ ಸುಮಾರು 35 ಗ್ರಾಂ ಮಿಶ್ರಣವನ್ನು ಬೇರೆ ಬಕೆಟ್ಟಿನ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿ, ಒಂದು ದಿನ ಕಲಕಿಸಿ, ಬಳಿಕ ತೊಟ್ಟಿಗೆ ಸುರಿಯಬೇಕು. ಉಪ್ಪಿನ ಮೇಲೆ ನೀರು ಸುರಿದರೆ ಸುಣ್ಣದ ಅಂಶ ಒಡೆದು ಬಿಳಿಯಾಗುತ್ತದೆ. ಅಡಿಗೆಯ ಉಪ್ಪು ಇದಕ್ಕೆ ಸಲ್ಲದು.

ಬೆಳಗಾದರೂ ಲೋಟದ ನೀರು ಹಾಲಿನಂತೆಯೇ ಇದ್ದರೆ ಅದು ಸೂಕ್ಷ್ಮಜೀವಿಗಳ ಗುಂಪು. ಹೆಚ್ಚಾದ ಆಹಾರ, ಸತ್ತ ಜೀವಿಯ ಕೊಳೆ ಇವುಗಳನ್ನು ಉಂಡು ಅವು ಬೆಳೆಯುತ್ತವೆ. ಗಾಳಿಯ ಯಂತ್ರ ನಿಲ್ಲಿಸದೆ, ಆಹಾರ ಹಾಕದೆ ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಾವೇ ಅಡಗುತ್ತವೆ. ಕುಡಿಯುವ ನೀರನ್ನು ತಿಳಿಗೊಳಿಸಲು ನಮ್ಮ ಹಿರಿಯರು ಬಳಸುತ್ತಿದ್ದ ಪಟಿಕವನ್ನೋ, ಸುಶ್ರುತಸಂಹಿತೆಯು ಕತಕವೆಂದು ಕರೆಯುವ ಚಿಲ್ಲದ ಬೀಜವನ್ನೋ ಇಲ್ಲಿ ಹಾಕಲಾಗದು. ಅವು ಕೆರೆಯ ಕೆಸರಿಗೆ ಮದ್ದು, ಮೀನಿನ ತೊಟ್ಟಿಗಲ್ಲ.

ಆದರೆ ನಿಜವಾದ ಅಪಾಯ ಕಣ್ಣಿಗೆ ಕಾಣುವ ಬಿಳುಪಿನಲ್ಲಿಲ್ಲ. ಮೀನಿನ ಮಲಮೂತ್ರಗಳಿಂದ ಅಮೋನಿಯ ಹುಟ್ಟುತ್ತದೆ. ಕಡಲ ನೀರು ಕ್ಷಾರಗುಣದ್ದಾದುದರಿಂದ ಅದರ ವಿಷ ಅಲ್ಲಿ ಇನ್ನೂ ತೀಕ್ಷ್ಣ. ಒಂದು ಬಗೆಯ ಜೀವಾಣುಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ಹೆಚ್ಚು ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕ್ರಿಯೆಯ ಜೀವಾಣುಗಳನ್ನು ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿ 1890ರಲ್ಲಿ ಬೇರ್ಪಡಿಸಿ ತೋರಿಸಿದರು. ಮರಳು, ಕಲ್ಲುಗಳ ಮೇಲೆ ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ಮರಳನ್ನು ತೊಳೆದಾಗಲೆಲ್ಲ ನಮ್ಮ ಯಜಮಾನರು ಬಂದ ನೆಂಟರನ್ನೇ ಹೊರಗಟ್ಟುತ್ತಿದ್ದರು!

ನೀರು ಗಾಜಿನಂತೆ ತಿಳಿಯಾದ ದಿನವೇ ಮೀನು ತರುವುದೂ ತಪ್ಪು. ಅಮೋನಿಯಕ್ಕೆ ಬಣ್ಣವಿಲ್ಲ. ಅಂಗಡಿಯಲ್ಲಿ ದೊರೆಯುವ ಪರೀಕ್ಷಾ ದ್ರಾವಣಗಳಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಎಂದು ಕಂಡ ಮೇಲೆ, ಮೊದಲು ಒಂದೇ ಮೀನನ್ನು ಬಿಡಬೇಕು. ಕುಂಬಾರರ ಹೆಸರು ಹೊತ್ತ ಬಡಾವಣೆಯವರಿಗೆ, ಸುಡದ ಮಡಕೆಗೆ ನೀರು ತುಂಬಬಾರದೆಂದು ಬೇರೆ ಹೇಳಬೇಕೆ?

ಮರುವಾರ ಹೋಗಿ ಹುಡುಗನಿಗೆ ಹೇಳಿದೆ: "ಮಗು, ತಪ್ಪು ನಿನ್ನದಲ್ಲ. ಮನೆ ಸಿದ್ಧವಾಗುವ ಮೊದಲೇ ದೊಡ್ಡವರು ಅತಿಥಿಗಳನ್ನು ಕರೆತಂದರು." ಅವನ ಅಜ್ಜನವರು ತಲೆದೂಗಿದರು. ಮೂಕಜೀವವನ್ನು ಮನೆಗೆ ತರುವವರು ಅದಕ್ಕಾಗಿ ಆರು ವಾರ ಕಾಯಲಾರೆವೇ? ಈಗ ಆ ತೊಟ್ಟಿಯ ನೀರು ತಿಳಿಯಾಗಿದೆ. ಮೀನು ಇನ್ನೂ ಬಂದಿಲ್ಲ. ಹುಡುಗನು ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದಾನೆ.