ಜಾಲಕ್ಕೂ ಬೇಕು ದಿನವಹಿ ಲೆಕ್ಕ

ನಗದು, ದಾಸ್ತಾನು, ಬಾಕಿಗಳಿಗೆ ತಪ್ಪದೆ ಲೆಕ್ಕವಿಡುವ ವರ್ತಕರೂ ಸಣ್ಣ ಉದ್ಯಮಿಗಳೂ ತಮ್ಮ ಕಂಪ್ಯೂಟರ್ ಜಾಲಕ್ಕೆ ಲೆಕ್ಕವಿಡುವುದು ವಿರಳ. ಬಿಲ್ಲಿಂಗ್ ನಿಂತ ಮೇಲೆಯೇ ದೋಷದ ಹುಡುಕಾಟ ಆರಂಭವಾಗುತ್ತದೆ.

ಸಾಧನಗಳ ಸ್ಥಿತಿಗತಿಯನ್ನು ದೂರದಿಂದಲೇ ಕೇಳಿ ತಿಳಿಯಲು 1988ರಲ್ಲಿ ರೂಪುಗೊಂಡ ಎಸ್.ಎನ್.ಎಂ.ಪಿ. ಎಂಬ ನಿಯಮಾವಳಿ ಈ ಕೊರತೆಯನ್ನು ನೀಗಬಲ್ಲದು. ವ್ಯಾಪಾರೀ ಬಳಕೆಯ ಬಹುಪಾಲು ರೌಟರ್‌ಗಳಲ್ಲಿಯೂ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿಯೂ ಈ ಸೌಲಭ್ಯವಿದೆ. ಎಂ.ಆರ್.ಟಿ.ಜಿ.ಯಂತಹ ಉಚಿತ ತಂತ್ರಾಂಶವು ಪ್ರತಿ 5 ನಿಮಿಷಕ್ಕೊಮ್ಮೆ ಅವುಗಳಿಂದ ಅಂಕಿಗಳನ್ನು ಪಡೆದು ದಿನ, ವಾರ, ತಿಂಗಳು, ವರ್ಷಗಳ ರೇಖಾನಕ್ಷೆ ರಚಿಸುತ್ತದೆ. ಸಂಪರ್ಕಮಾರ್ಗ ಯಾವ ವೇಳೆಯಲ್ಲಿ ಎಷ್ಟು ತುಂಬುತ್ತದೆಂದು ಅರಿಯದೆ ಹೆಚ್ಚಿನ ವೇಗಕ್ಕೆ ಹಣ ತೆರುವುದು ತೂಗದೆ ಸರಕು ಕೊಂಡಂತೆ. ಸೇವಾದಾರರೊಡನೆ ವ್ಯಾಜ್ಯ ಬಂದಾಗಲೂ ಈ ದಾಖಲೆಯೇ ಆಧಾರ.

ಆದರೆ ಎಚ್ಚರ ಅಗತ್ಯ. 1 ಮತ್ತು 2ಸಿ ಆವೃತ್ತಿಗಳಲ್ಲಿ ಪ್ರವೇಶಪದವು ಬಹಿರಂಗವಾಗಿಯೇ ಸಾಗುತ್ತದೆ. ಅನೇಕ ಸಾಧನಗಳಲ್ಲಿ ಅದು ‘ಪಬ್ಲಿಕ್’ ಎಂದೇ ಉಳಿದಿರುತ್ತದೆ. ಗೂಢಲಿಪಿಯುಳ್ಳ 3ನೇ ಆವೃತ್ತಿಯನ್ನು ಬಳಸಿ, ಓದುವ ಅಧಿಕಾರವನ್ನಷ್ಟೇ ನೀಡಿ, 161ನೇ ಪೋರ್ಟನ್ನು ಹೊರಜಾಲಕ್ಕೆ ಮುಚ್ಚಬೇಕು. ಸಾಧನಗಳ ಖರೀದಿ ಆದೇಶದಲ್ಲಿಯೇ 3ನೇ ಆವೃತ್ತಿಯ ಷರತ್ತನ್ನು ಸೇರಿಸುವುದು ಜಾಣತನ. ಖರೀದಿಯ ನಂತರ ಅದನ್ನು ಕೇಳಿ ಫಲವಿಲ್ಲ.