ರೊಟ್ಟಿ ಯಾರ ಗುರಿ?

ಕಲಬುರಗಿಯ ಖೂಬಾ ಪ್ಲಾಟಿನ ಕ್ಲಿನಿಕ್ಕೊಂದಕ್ಕೆ ಕಮಲಾಪುರದ ಕಡೆಯ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ ಎಂದುಕೊಳ್ಳೋಣ. ಲಕ್ವಾ ಹೊಡೆದು ಬಲಗೈ ಸೋತಿದೆ. ಜೊತೆಗೆ ಬಂದ ಅತ್ತೆ ಮೊದಲು ಕೇಳುವುದೇ ಇದು: “ಈಕಿಗಿ ರೊಟ್ಟಿ ಬಡಿಲಾಕ ಯಾವಾಗ ಬರ್ತದ್ರಿ?”

ಆಕ್ಯುಪೇಷನಲ್ ಥೆರಪಿಗೆ ಬೇಕಾದದ್ದು ಇಂಥ ಪ್ರಶ್ನೆಗಳೇ. ‘ಔದ್ಯೋಗಿಕ ಚಿಕಿತ್ಸೆ’ ಅಂದರೆ ನೌಕರಿಯ ವಿಷಯ ಅನಿಸುತ್ತದೆ, ಹಾಗಲ್ಲ. ಉಣ್ಣುವುದು, ಸೀರೆ ಉಡುವುದು, ತಲೆ ಬಾಚುವುದು, ಹೀಗೆ ದಿನ ತುಂಬುವ ಕೆಲಸಗಳನ್ನು ಮತ್ತೆ ರೂಢಿಗೆ ತರುವ ವಿದ್ಯೆ ಇದು. 1950ರಲ್ಲಿ ಕಮಲಾ ನಿಂಬ್ಕರ್ ಮುಂಬೈಯಲ್ಲಿ ದೇಶದಲ್ಲೇ ಮೊದಲ ಬಾರಿಗೆ ಇದರ ಶಾಲೆ ತೆರೆದರು.

ಜೋಳದ ರೊಟ್ಟಿಯನ್ನೇ ನೋಡಿ. ಬಿಸಿನೀರು ಹಾಕಿ ಹಿಟ್ಟು ನಾದಬೇಕು, ಬಡಿಯುತ್ತಲೇ ತಿರುಗಿಸಬೇಕು, ಹರಿಯದಂತೆ ಎತ್ತಿ ಹಂಚಿಗೆ ಹಾಕಬೇಕು, ಮೇಲೆ ನೀರು ಸವರಬೇಕು. ಅದೂ ನೆಲಕ್ಕೆ ಕೂತು, ಒಲೆಯ ಮುಂದೆ. ಕ್ಲಿನಿಕ್ಕಿನ ಮೇಜಿನ ಮೇಲೆ ವ್ಯಾಯಾಮಕ್ಕೆಂದು ಪ್ಲಾಸ್ಟಿಕ್ ಗೂಟ ಎತ್ತಿಡಲು ಕಲಿತ ಕೈಗೆ ಇದು ತಾನಾಗಿ ಬರುವುದಿಲ್ಲ.

ಆದರೆ ರೊಟ್ಟಿ ಅತ್ತೆಯ ಗುರಿ. ಸೊಸೆಯನ್ನು ಇನ್ನೂ ಯಾರೂ ಕೇಳಿಲ್ಲ. ಬೇರೆಯಾಗಿ ಕೂರಿಸಿ ಕೇಳಿದರೆ “ಮೊದಲ ನನ್ನ ಜಳಕ ನಾನೇ ಮಾಡ್ಬೇಕ್ರಿ” ಅನ್ನಬಹುದು. ಇಲ್ಲವೇ ಅವಳೂ ರೊಟ್ಟಿ ಎಂದೇ ಹೇಳಬಹುದು, ದುಡಿಯದ ಸೊಸೆಗೆ ಮನೆಯಲ್ಲಿ ಜಾಗ ಉಳಿಯಲಿಕ್ಕಿಲ್ಲ ಎಂಬ ಭಯಕ್ಕೆ. ಕಷ್ಟವಿರುವುದು ಈ ಎರಡನೇ ಉತ್ತರದಲ್ಲಿ. ಅದನ್ನು ಅವಳ ಇಷ್ಟವೆಂದು ಬರೆದು ಕೈತೊಳೆದುಕೊಳ್ಳುವುದೂ ತಪ್ಪು, ಅದು ನಿನಗೆ ಬೇಡವೆಂದು ನಾವೇ ತೀರ್ಮಾನಿಸುವುದೂ ತಪ್ಪು. ಜಳಕ, ರೊಟ್ಟಿ ಎರಡನ್ನೂ ಹಿಡಿದುಕೊಳ್ಳಬೇಕು. ಯಾವುದು ಮೊದಲು ಎಂಬುದನ್ನು ಅವಳಿಗೆ ಬಿಡಬೇಕು. ಅವಳು ಒಪ್ಪಿದರೆ ಅತ್ತೆಗೂ ಕೂತು ತಿಳಿಸಬೇಕು.

ಇಷ್ಟಾದ ಮೇಲೂ ಮೂರನೇ ವಾರ ಅವಳು ಬರುವುದಿಲ್ಲ ಎನ್ನಿ. ಫೈಲಿನಲ್ಲಿ ‘ರೋಗಿ ಸಹಕರಿಸಲಿಲ್ಲ’ ಎಂದು ಬೀಳುತ್ತದೆ. ನನಗೆ ತೀರಾ ನೋವು ಕೊಡುವ ಮಾತು ಇದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಅವಳಿಗೆ ಉಚಿತ, ನಿಜ. ಅವಳನ್ನು ಹತ್ತಿಸಿ ಇಳಿಸುವ ಗಂಡ ಮಾತ್ರ ಟಿಕೆಟ್ ತೆಗೆಸಬೇಕು, ಆ ದಿನದ ಕೂಲಿಯನ್ನೂ ಬಿಡಬೇಕು. ತೊಗರಿ ರಾಶಿಯ ದಿನಗಳಲ್ಲಿ ಕೂಲಿ ಬಿಡುವುದು ಸಣ್ಣ ಮಾತಲ್ಲ. ಈ ಭಾಗ ಹಿಂದುಳಿದಿದೆ ಎಂದು 371ಜೆ ವಿಧಿಯ ಮೂಲಕ ಸಂವಿಧಾನವೇ ಒಪ್ಪಿಕೊಂಡಿದೆ; ಫೈಲು ಮಾತ್ರ ತಪ್ಪು ಅವಳದೆನ್ನುತ್ತದೆ.

ಅದೇ ಜಾಗದಲ್ಲಿ ‘ಕೂಲಿ ಬಿಟ್ಟು ಕರೆತರುವವರಿಲ್ಲ’ ಎಂದು ಬರೆದರೆ ಮುಂದಿನ ಕೆಲಸ ಥೆರಪಿಸ್ಟಿನದಾಗುತ್ತದೆ. ವಾರದ ಭೇಟಿಯನ್ನು ತಿಂಗಳಿಗೊಮ್ಮೆ ಮಾಡಬಹುದು, ನಡುವೆ ಫೋನಿನಲ್ಲಿ ಕೈ ನೋಡಬಹುದು. ಗೂಟ ಬಿಟ್ಟು, ಅವಳ ಮನೆಯ ಪರಾತದಲ್ಲೇ ಹಿಡಿ ಹಿಟ್ಟಿನಿಂದ ಶುರುಮಾಡಬಹುದು.