ಹಳದಿ ಎಲೆಗೆ ಮೊದಲು ಬೇಕಾದ್ದು ಗೊಬ್ಬರವಲ್ಲ

ಕುಂಡದ ಕರಿಬೇವು ಹಳದಿಗೆ ತಿರುಗಿತೆಂದರೆ ತಾರಸಿ ತೋಟದವರ ಕೈ ಮೊದಲು ಹೋಗುವುದು ಗೊಬ್ಬರದ ಡಬ್ಬಕ್ಕೆ. ಒಬ್ಬರು ಹಿಡಿ ಯೂರಿಯಾ ಉದುರಿಸುತ್ತಾರೆ. ಇನ್ನೊಬ್ಬರು ಯೂಟ್ಯೂಬ್ ನೋಡಿ ಎಪ್ಸಮ್ ಉಪ್ಪು ಕರಗಿಸಿ ಹೊಯ್ಯುತ್ತಾರೆ. ವಾರ ಕಳೆದರೂ ಬಣ್ಣ ತಿರುಗದಿದ್ದರೆ ಎರಡನ್ನೂ ಹಾಕುವವರಿದ್ದಾರೆ. ಗಿಡಕ್ಕೆ ಏನಾಗಿದೆ ಎಂದು ನೋಡುವ ಕೆಲಸವೊಂದು ಬಾಕಿ ಉಳಿಯುತ್ತದೆ. ಎಷ್ಟೋ ಗಿಡಗಳು ಸಾಯುವುದು ರೋಗದಿಂದಲ್ಲ, ಈ ಆತುರದ ಉಪಚಾರದಿಂದ.

ನೋಡುವುದು ಕಷ್ಟವೇನಲ್ಲ. ಹಳದಿಯಾಗಿರುವುದು ಕೆಳಗಿನ ಹಳೆಯ ಎಲೆಯೋ, ಮೇಲಿನ ಚಿಗುರೋ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಸಾರಜನಕ, ಪೊಟ್ಯಾಷ್, ಮೆಗ್ನೀಸಿಯಂ ಸಾಲದಾದಾಗ ಗಿಡ ಹಳೆಯ ಎಲೆಗಳಲ್ಲಿರುವುದನ್ನು ಹಿಂದಕ್ಕೆಳೆದು ಚಿಗುರಿಗೆ ಸಾಗಿಸುತ್ತದೆ. ಅದಕ್ಕೇ ಈ ಮೂರರ ಕೊರತೆ ಕೆಳಗಿನಿಂದ ಶುರುವಾಗುತ್ತದೆ. ಎಲೆ ಇಡಿಯಾಗಿ ಬಿಳಚಿಕೊಂಡರೆ ಸಾರಜನಕದ ಕೊರತೆ, ಅಂಚು ಹಳದಿಯಾಗಿ ಸುಟ್ಟಂತಾದರೆ ಪೊಟ್ಯಾಷ್ ಕೊರತೆ, ನರಗಳು ಹಸಿರಾಗಿ ಉಳಿದು ನಡುವಿನ ಭಾಗ ಮಾತ್ರ ಹಳದಿಯಾದರೆ ಮೆಗ್ನೀಸಿಯಂ ಕೊರತೆ ಎಂದು ಅನುಮಾನಿಸಬಹುದು. ಎಪ್ಸಮ್ ಉಪ್ಪು ಎಂದರೆ ಮೆಗ್ನೀಸಿಯಂ ಸಲ್ಫೇಟ್. ಅದು ಈ ಕೊನೆಯ ಕೊರತೆಗೆ ಮಾತ್ರ ಮದ್ದು. ಬೇಡದ ಕಡೆ ಸುರಿದರೆ ಪೊಟ್ಯಾಷ್ ಮತ್ತು ಕ್ಯಾಲ್ಸಿಯಂ ಹೀರಿಕೊಳ್ಳುವುದಕ್ಕೆ ಬೇರಿಗೇ ಅಡ್ಡಿ.

ಕಬ್ಬಿಣದ ಲೆಕ್ಕ ಬೇರೆ. ಅದು ಒಮ್ಮೆ ಎಲೆಗೆ ಸೇರಿದ ಮೇಲೆ ಸುಲಭವಾಗಿ ಜಾಗ ಬಿಡುವುದಿಲ್ಲ. ಕೊರತೆಯಾದಾಗ ಹಳೆಯ ಎಲೆ ಹಸಿರಾಗಿಯೇ ಇದ್ದು, ಚಿಗುರು ಹಳದಿಯಾಗಿ ಹೊರಡುತ್ತದೆ. ಅದರ ಮೇಲೆ ಹಸಿರು ನರಗಳು ಸಣ್ಣ ಬಲೆಯಂತೆ ಎದ್ದು ಕಾಣುತ್ತವೆ. ಬೆಂಗಳೂರು, ಕೋಲಾರದ ಕಡೆಯ ಕೆಮ್ಮಣ್ಣಿಗೆ ಆ ಕೆಂಪು ಬಂದಿರುವುದೇ ಕಬ್ಬಿಣದಿಂದ. ಅಂಥ ಮಣ್ಣು ತುಂಬಿದ ಕುಂಡದಲ್ಲೂ ಗಿಡಕ್ಕೆ ಕಬ್ಬಿಣ ಸಾಲದೇ ಹೋಗಬಹುದು. ಗಡಸಾದ ಬೋರ್‌ವೆಲ್ ನೀರಿನಲ್ಲಿರುವ ಬೈಕಾರ್ಬೊನೇಟ್ ವರ್ಷಗಟ್ಟಲೆ ಕುಂಡಕ್ಕೆ ಸೇರುತ್ತಾ ಮಣ್ಣನ್ನು ಕ್ಷಾರಕ್ಕೆ ತಿರುಗಿಸುತ್ತದೆ. ಕ್ಷಾರದಲ್ಲಿ ಕಬ್ಬಿಣ ಕರಗುವುದಿಲ್ಲ, ಕರಗದ್ದನ್ನು ಬೇರು ಹೀರುವುದಿಲ್ಲ. ಅಲ್ಲಿ ಎಷ್ಟು ಯೂರಿಯಾ ಹಾಕಿದರೂ ವ್ಯರ್ಥ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಫ್ರಾನ್ಸಿನ ಯೂಸೆಬ್ ಗ್ರಿಸ್ 1840ರ ದಶಕದಲ್ಲೇ ಹಳದಿಯಾದ ದ್ರಾಕ್ಷಿ ಎಲೆಗೆ ಕಬ್ಬಿಣದ ಲವಣ ಸವರಿ, ಸವರಿದ ಕಡೆ ಹಸಿರು ಮರಳುವುದನ್ನು ತೋರಿಸಿದ್ದ. ಇಂದಿಗೂ ಅದು ನಡೆಯುತ್ತದೆ. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ, ಹಳದಿ ಚಿಗುರೆಲೆಯ ಅರ್ಧ ಭಾಗಕ್ಕೆ ಮಾತ್ರ ಸಂಜೆ ಹೊತ್ತು ಸವರಬೇಕು. ಕೆಲವು ದಿನಗಳಲ್ಲಿ ಸವರಿದ ಭಾಗ ಹಸಿರಾಗತೊಡಗಿದರೆ ಕೊರತೆ ಕಬ್ಬಿಣದ್ದೇ.

ಇನ್ನು ನೀರು. ಕೊಕೊಪೀಟ್ ತುಂಬಿದ ಕುಂಡ ಮೇಲೆ ಒಣಗಿದಂತೆ ಕಂಡರೂ ತಳದಲ್ಲಿ ಹಸಿಯಾಗಿಯೇ ಇರುತ್ತದೆ. ದಿನವೂ ನೀರು ಬಿದ್ದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಎಲೆ ಹಳದಿಯಾಗಿ ಜೋತುಬೀಳುತ್ತದೆ. ಜೋತ ಎಲೆ ಕಂಡು ಬಾಯಾರಿದೆ ಎಂದುಕೊಂಡು ಮತ್ತೆ ನೀರು ಹೊಯ್ಯುವವರೇ ಹೆಚ್ಚು. ಮಣ್ಣಿಗೆ ಬೆರಳಿಳಿಸಿ ನೋಡಿ, ತಳದ ತೂತು ಕಟ್ಟಿಕೊಂಡಿದ್ದರೆ ಬಿಡಿಸಿದರೆ ಎಷ್ಟೋ ಗಿಡಗಳು ಉಳಿಯುತ್ತವೆ.

ಕೆಲವು ಹಳದಿಗೆ ಮದ್ದೇ ಇಲ್ಲ. ಬೆಂಡೆಯಲ್ಲಿ ನರಗಳೇ ಹಳದಿಯಾಗಿ, ನಡುವಿನ ಎಲೆ ಹಸಿರಾಗಿ ಉಳಿದರೆ ಅದು ಬಿಳಿನೊಣ ಹರಡುವ ನಂಜುರೋಗ. ಗೊಬ್ಬರ ಹಾಕಿ ಕಾಯುತ್ತಾ ಕುಳಿತರೆ ನೊಣ ಪಕ್ಕದ ಗಿಡಗಳಿಗೂ ಅದನ್ನು ದಾಟಿಸುತ್ತದೆ. ಕಂಡ ಕೂಡಲೇ ಕಿತ್ತು ಹಾಕುವುದೊಂದೇ ದಾರಿ.

ತಾರಸಿಯಲ್ಲಿ ತಪ್ಪಿದರೆ ಹೋಗುವುದು ಒಂದು ಗಿಡ. ತೋಟದಲ್ಲಿ ತಪ್ಪಿದರೆ ಸಂಸಾರವೇ ಅಲುಗುತ್ತದೆ. ಶೃಂಗೇರಿ, ಕೊಪ್ಪ, ಸುಳ್ಯದ ಅಡಿಕೆ ಬೆಳೆಗಾರರು ಇದನ್ನು ದಶಕಗಳಿಂದ ಉಣ್ಣುತ್ತಿದ್ದಾರೆ. ಅಲ್ಲಿ ಸೋಗೆ ಹಳದಿಯಾಗುವುದಕ್ಕೆ ಬಸಿಗಾಲುವೆ ಹೂಳು ತುಂಬಿ ನೀರು ನಿಂತಿರುವುದೂ ಕಾರಣವಿರಬಹುದು, ಪೋಷಕಾಂಶದ ಕೊರತೆಯೂ ಇರಬಹುದು, ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಹಳದಿ ಎಲೆ ರೋಗವೂ ಇರಬಹುದು. ಮೊದಲ ಎರಡಕ್ಕೆ ಪರಿಹಾರವಿದೆ. ಮೂರನೆಯದಕ್ಕೆ ಇನ್ನೂ ಔಷಧಿ ಸಿಕ್ಕಿಲ್ಲ. ಯಾವುದೆಂದು ತಿಳಿಯದೆ ಗೊಬ್ಬರಕ್ಕೆ ಸಾಲ ಮಾಡುವುದೂ ತಪ್ಪು, ಉಳಿಯಬಹುದಾದ ತೋಟದ ಆಸೆ ಬಿಡುವುದೂ ತಪ್ಪು.

ಹೀಗಿರುವಾಗ ಪತ್ತೆ ಹಚ್ಚುವ ವ್ಯವಸ್ಥೆ ಬೆಳೆಯುವವರ ಕೈಗೆಟುಕುವಂತೆ ಇರಬೇಕಲ್ಲವೇ? 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಯೋಜನೆ ಹೊಲದ ಮಣ್ಣಿನ 12 ಅಂಶಗಳನ್ನು ಪರೀಕ್ಷಿಸಿ ರೈತರಿಗೆ ವರದಿ ಕೊಡುತ್ತದೆ. ಅದನ್ನು ರೂಪಿಸಿರುವುದು ಜಮೀನು ಉಳ್ಳವರಿಗಾಗಿ. ನಾಲ್ಕು ಕುಂಡ ಇಟ್ಟುಕೊಂಡವರು ನೆಚ್ಚಿಕೊಳ್ಳುವುದು ನರ್ಸರಿಯವರ ಮಾತನ್ನು, ಇಲ್ಲವೇ ಮೊಬೈಲಿನ ವಿಡಿಯೊವನ್ನು.

ಲಾಲ್‌ಬಾಗ್‌ನಲ್ಲಿ ಜನವರಿ ಮತ್ತು ಆಗಸ್ಟ್‌ನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಗಿಡ ಬೆಳೆಸುವವರು ಸಾವಿರಗಟ್ಟಲೆ ಬರುತ್ತಾರೆ. ತೋಟಗಾರಿಕೆ ಇಲಾಖೆ ಅಲ್ಲಿಂದಲೇ ಶುರು ಮಾಡಲಿ. ಹಳೆಯ ಎಲೆಯೊಂದು, ಚಿಗುರೊಂದು, ಹಿಡಿ ಮಣ್ಣು, ಒಂದು ಬಾಟಲಿ ನೀರು ತಂದವರಿಗೆ ಆ ಮಣ್ಣು, ನೀರಿನ ಕ್ಷಾರ ಅಳೆದು, ಎಲೆ ನೋಡಿ, ಏನಾಗಿದೆ ಎಂದು ಚೀಟಿಯಲ್ಲಿ ಬರೆದುಕೊಡುವ ಕೌಂಟರ್ ತೆರೆಯಲಿ. ಅದು ವರ್ಷವಿಡೀ ಪ್ರತಿ ಜಿಲ್ಲೆಯ ತೋಟಗಾರಿಕೆ ಕಚೇರಿಯಲ್ಲೂ ವಾರಕ್ಕೊಂದು ದಿನ ನಡೆಯಲಿ. ಇದಕ್ಕೆ ಬೇಕಾಗುವ ಖರ್ಚು, ಉಪಕರಣ ಎರಡೂ ಅಲ್ಪವೇ.